ಮೆರ್ಲನ ಕೋವಿಯ ಮರ

ಅಲ್ವೀನಾ ಕೋಲ್ಗ್ರೋವ್ ಒಡಹುಟ್ಟಿದ ತಂಗಿಯ ಜೊತೆ ಮಾತು ಬಿಟ್ಟದ್ದು ಒಂದು ಗಾಜಿನ ತಟ್ಟೆಗಾಗಿ. ಸೇಬಿನ ಪೈ ಇಟ್ಟು ಕೊಟ್ಟ ತಟ್ಟೆ ವಾಪಸ್ಸು ಬಂದಾಗ ಬೇರೆ ತಟ್ಟೆಯಾಗಿತ್ತು. ಅದೇ ಅಳತೆ, ಅದೇ ಗಾಜು, ಆದರೆ ಅದಲ್ಲ. ತಂಗಿ ಇಲ್ಲವೆಂದಳು, ಇವಳು ಹೌದೆಂದಳು, ಅಲ್ಲಿಗೆ ಮಾತು ಮುಗಿಯಿತು. ಎಷ್ಟೋ ವರ್ಷದ ಮೇಲೆ ತಂಗಿ ತೀರಿಕೊಂಡಾಗ ಅಲ್ವೀನಾ ಹೋದಳು, ಹೂವಿಟ್ಟಳು, ಕಣ್ಣೊರೆಸಿಕೊಂಡಳು. ಎಲ್ಲರೂ ಊಟಕ್ಕೆ ಕೂತಾಗ ತಂಗಿಯ ಅಡುಗೆಮನೆಗೆ ನುಗ್ಗಿ, ಬೀರುವಿನಿಂದ ತನ್ನ ತಟ್ಟೆ ಹುಡುಕಿ ತೆಗೆದು ಕೈಚೀಲಕ್ಕೆ ಹಾಕಿಕೊಂಡು ಬಂದಳು.

ಹಾಗೆಂದು ಕೆಟ್ಟವಳೆನ್ನಬೇಡಿ. ಹಿಮ ಬಿದ್ದ ಬೆಳಿಗ್ಗೆ ನಮ್ಮ ಬೀದಿಯ ಕಾಲುದಾರಿಯನ್ನೆಲ್ಲ ತಾನೇ ಸಲಿಕೆ ಹಿಡಿದು ಬಳಿಯುತ್ತಿದ್ದಳು. ಒಂದು ಮನೆಯ ಮುಂದೆ ಮಾತ್ರ ಸಲಿಕೆಯನ್ನು ಹೆಗಲಿಗೇರಿಸಿ ದಾಟಿಬಿಡುತ್ತಿದ್ದಳು. ಆ ಮನೆಯವರು ಏನು ತಪ್ಪು ಮಾಡಿದ್ದರೆಂಬುದು ಅವರಿಗೇ ಮರೆತುಹೋಗಿತ್ತು. ಇವಳಿಗೆ ಮರೆತಿರಲಿಲ್ಲ. ಓಹಾಯೋದ ನಮ್ಮ ಕೆಲ್ಸೋ ಕಾರ್ನರ್ಸ್ ಊರಿನಲ್ಲಿ ಇಂಥ ಹೆಂಗಸಿಗೆ ಗಂಡನಾಗಿ ಸಿಕ್ಕವನು ಮೆರ್ಲ್. ಯಾರು ಏನು ಮಾಡಿದರೂ ‘ಹೋಗ್ಲಿ ಬಿಡು’ ಎನ್ನುವ ಪ್ರಾಣಿ.

ಮೆರ್ಲನಿಗೆ ಕುದುರೆಯ ಹುಚ್ಚು. ರೇಸಿನ ಕುದುರೆಯಲ್ಲ, ಕೋವಿಯ ಕುದುರೆ. ಚಳಿಗೆ ಮನೆ ಬೆಚ್ಚಗಿಡುವ ಕುಲುಮೆಗಳನ್ನು ಮನೆಮನೆಗೆ ಹೋಗಿ ರಿಪೇರಿ ಮಾಡಿ ಬಂದು, ಕೈ ತೊಳೆದು, ನೆಲಮಾಳಿಗೆಗೆ ಇಳಿದರೆ ಅವನ ಲೋಕವೇ ಬೇರೆ. ಗೋಡೆಯುದ್ದಕ್ಕೂ ಹಳೆಯ ಸೈನ್ಯದ ರೈಫಲ್ಲುಗಳು: ರಷ್ಯದ್ದೊಂದು, ಸ್ವೀಡನ್ನಿನದೊಂದು, ಈಜಿಪ್ಟಿನದೊಂದು. ಎಲ್ಲವೂ ಒಂದೇ ಕುಲದವು. ಕುದುರೆ ಒತ್ತಿದರೆ ಒಂದು ಗುಂಡು ಹಾರಿ, ಮುಂದಿನದನ್ನು ಕೋವಿ ತಾನೇ ಎಳೆದುಕೊಂಡು ಸಿದ್ಧವಾಗಿ ನಿಲ್ಲುತ್ತದೆ. ಮಕ್ಕಳಿಲ್ಲದ ಮನೆ. ಬಂದೂಕೇ ಬಂಧು ಎಂದು ಎದುರುಮನೆಯವಳಾದ ನಾನು ತಮಾಷೆ ಮಾಡುತ್ತಿದ್ದೆ.

ಆ ಬಂಧುಬಳಗಕ್ಕೆ ಹಿರಿಯ, ಗ್ಯಾರಂಡ್ ಎಂಬ ನಮ್ಮ ಸೈನ್ಯದ್ದೇ ಒಂದು ರೈಫಲ್ಲು. ಎರಡನೆಯ ಮಹಾಯುದ್ಧದ ಕಾಲದ್ದು. ಯುದ್ಧ ಮುಗಿದ ಮೇಲೆ ಸೈನ್ಯದವರು ಇಂಥ ಲಕ್ಷಗಟ್ಟಲೆ ಕೋವಿಗಳನ್ನು ಬಿಚ್ಚಿ, ಬಿಡಿಭಾಗಗಳನ್ನೆಲ್ಲ ತೊಟ್ಟಿಗಳಲ್ಲಿ ಒಟ್ಟಿಗೆ ಸುರಿದು, ಕೈಗೆ ಸಿಕ್ಕಿದ್ದಕ್ಕೆ ಕೈಗೆ ಸಿಕ್ಕಿದ್ದನ್ನು ಜೋಡಿಸಿಬಿಟ್ಟರು. ಹಾಗಾಗಿ ಕಾರ್ಖಾನೆಯಿಂದ ಹೊರಟಾಗ ಮೈಮೇಲಿದ್ದ ಕಬ್ಬಿಣ, ಮರ, ತಿರುಪು ಎಲ್ಲವೂ ಇಂದಿಗೂ ಮೈಮೇಲೇ ಇರುವ ಗ್ಯಾರಂಡ್ ಸಿಗುವುದು, ಹಿಂದಿನ ಜನ್ಮದ ಹೆಂಡತಿಯೇ ಈ ಜನ್ಮಕ್ಕೂ ಸಿಕ್ಕ ಹಾಗೆ. ಮೆರ್ಲನದು ಅಂಥದ್ದು. ಅದರ ವಾಲ್‌ನಟ್ ಮರದ ಹಿಡಿಯ ಮೇಲೆ ಯುದ್ಧಕಾಲದ ತಪಾಸಣೆಗಾರನ ಮುದ್ರೆ ಇನ್ನೂ ಅಚ್ಚಳಿಯದೆ ಇತ್ತು.

ಪ್ರತಿ ವರ್ಷ ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮಾರನೆಯ ದಿನ ಗಂಡಹೆಂಡತಿ ಅದನ್ನು ಬಿಚ್ಚಿ ಕೂರುತ್ತಿದ್ದರು. ಕಬ್ಬಿಣ ಅವನ ಪಾಲು, ಮರ ಇವಳ ಪಾಲು. ಬಟ್ಟೆಯಲ್ಲಿ ಹಚ್ಚುವಂತಿಲ್ಲ. ಅಗಸೆ ಎಣ್ಣೆಯನ್ನು ಬರಿಯ ಅಂಗೈಯಲ್ಲಿ, ಮರ ಬೆಚ್ಚಗಾಗುವ ತನಕ ತಿಕ್ಕಬೇಕು.

“ನನ್ನ ಬೆನ್ನಿಗೆ ಇವನು ಇಷ್ಟು ಎಣ್ಣೆ ಹಚ್ಚಿದ್ದಿದ್ರೆ ನಾನೂ ಮ್ಯೂಸಿಯಂನಲ್ಲಿ ಇರ್ತಿದ್ದೆ ಕಣೇ,” ಎಂದು ಅಲ್ವೀನಾ ನನ್ನೆದುರಿಗೇ ಛೇಡಿಸುತ್ತಿದ್ದಳು. ಮೆರ್ಲ್ ಕಿವಿ ಕೆಂಪಗೆ ಮಾಡಿಕೊಂಡು ಕೊಳವೆಯೊಳಗೆ ಇಣುಕುತ್ತಿದ್ದ.

ಒಂದು ವಸಂತದಲ್ಲಿ, ಯಾರದೋ ಮನೆಯ ಕುಲುಮೆಯ ಮುಂದೆ ಮಂಡಿಯೂರಿದ ಮೆರ್ಲ್ ಮತ್ತೆ ಏಳಲಿಲ್ಲ. ಎದೆ ನಿಂತಿತ್ತು.

ಮಣ್ಣು ಮಾಡಿ ಬಂದ ಮಧ್ಯಾಹ್ನವೇ ಹ್ಯಾಡ್ಲಿ ಪ್ರೌಟ್ ಮನೆಗೆ ಬಂದ. ಹ್ಯಾಡ್ಲಿ ನಮ್ಮೂರಿನ ಕಾರ್ಪೆಟ್ ಅಂಗಡಿಯವನು, ಕೋವಿ ಸಂಗ್ರಹದವರ ಕ್ಲಬ್ಬಿಗೆ ಅಧ್ಯಕ್ಷ, ಮೆರ್ಲನ ಬಹುಕಾಲದ ಗೆಳೆಯ. ಎಲ್ಲ ಹೆಂಗಸರನ್ನೂ ‘ಹನಿ’ ಎಂದೇ ಕರೆಯುತ್ತಿದ್ದ. ಹನಿಹನಿಯಾಗಿ ಹೀರುವವನ ಬಾಯಿಗೆ ಒಪ್ಪುವ ಮಾತು ಎಂಬುದು ನಮಗೆ ಆಮೇಲೆ ಹೊಳೆಯಿತು.

“ಹನಿ, ನೀನು ಕೋವಿಗಳ ಬಗ್ಗೆ ತಲೆ ಕೆಡಿಸ್ಕೋಬೇಡ. ನೆಲಮಾಳಿಗೆ ತೇವಕ್ಕೆ ತುಕ್ಕು ಹಿಡಿದ್ರೆ ಮೆರ್ಲ್ ಮೇಲಿಂದ ನನ್ನನ್ನೇ ಬೈತಾನೆ. ಆ ಗ್ಯಾರಂಡ್ ಕೊಡು. ಬಿಚ್ಚಿ, ಒರೆಸಿ, ಎಣ್ಣೆ ಹಾಕಿ ತಂದ್ಕೊಡ್ತೀನಿ.”

“ಜೋಪಾನ ಹ್ಯಾಡ್ಲಿ. ಅದು ಅವನ ಜೀವ.”

“ನನ್ನ ಹೆತ್ತಮ್ಮನ ಹಾಗೆ ನೋಡ್ಕೋತೀನಿ.”

ಅವನ ಹೆತ್ತಮ್ಮ ಟೊಲೀಡೋದ ವೃದ್ಧಾಶ್ರಮದಲ್ಲಿರುವುದು ಆ ದುಃಖದಲ್ಲಿ ಅವಳಿಗೆ ನೆನಪಾಗಲಿಲ್ಲ. ಕೋವಿ ಹೋಯಿತು. ಮುಂದಿನ ವಾರ ಥಳಥಳ ಹೊಳೆಯುತ್ತ ಬಂದು ಗೋಡೆ ಸೇರಿತು. ಅಲ್ವೀನಾ ಹ್ಯಾಡ್ಲಿಗೆ ಒಂದು ಪೈ ಮಾಡಿ ಕಳಿಸಿದಳು.

ಆ ವರ್ಷದ ಹಬ್ಬದ ಮಾರನೆಯ ದಿನ ನಾನು ಅವಳ ಮನೆಯಲ್ಲಿದ್ದೆ. ಒಬ್ಬಳೇ ಕೋವಿ ಬಿಚ್ಚಿ, ಮರವನ್ನು ತೊಡೆಯ ಮೇಲಿಟ್ಟುಕೊಂಡು, ಅಂಗೈಗೆ ಎಣ್ಣೆ ಬಿಟ್ಟುಕೊಂಡಳು. ಒಮ್ಮೆ ಮೇಲಿನಿಂದ ಕೆಳಗೆ ಸವರಿದಳು. ಕೈ ಅಲ್ಲೇ ನಿಂತಿತು.

“ಇದಲ್ಲ.”

“ಏನಲ್ಲ?”

“ಇದು ಮೆರ್ಲಂದಲ್ಲ. ಕಬ್ಬಿಣ ಅವನ್ದೇ. ಮರ ಬೇರೆ.”

ನನಗೆ ಕಂದು ಮರ ಕಂದು ಮರದ ಹಾಗೇ ಕಂಡಿತು. ಅಲ್ವೀನಾ ಅದನ್ನು ಬೆಳಕಿಗೆ ಹಿಡಿದಳು. ಮುದ್ರೆಯೂ ಇತ್ತು, ಆದರೆ ತಿಕ್ಕಿ ತಿಕ್ಕಿ ಮಸುಕಾದ ಮುದ್ರೆ. ಅವಳು ಅಳಲಿಲ್ಲ. ಎಣ್ಣೆಯ ಕೈಯನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತ ಒರೆಸಿಕೊಳ್ಳುತ್ತ ಕಿಟಕಿಯಾಚೆ ನೋಡಿದಳು. ತಟ್ಟೆಗಾಗಿ ತಂಗಿಯನ್ನು ಬಿಟ್ಟವಳು ಗಂಡನ ಕೋವಿಗಾಗಿ ಏನೇನು ಮಾಡಿಯಾಳೆಂದು ನೆನೆದು ನನಗೇ ಹೆದರಿಕೆಯಾಯಿತು.

ಮುಂದಿನ ಕ್ಲಬ್ ಸಭೆಗೆ ಮರವನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹೋದಳು. ಜೊತೆಗೆ ನಾನೂ ಹೋದೆ. ಎಲ್ಲರ ಮುಂದೆ ಮೇಜಿನ ಮೇಲಿಟ್ಟು, “ಹ್ಯಾಡ್ಲಿ, ನನ್ನ ಗಂಡನ ಮರ ವಾಪಸ್ ಕೊಡು,” ಎಂದಳು.

ಹ್ಯಾಡ್ಲಿ ಬೇಸರವನ್ನೂ ತೋರಿಸಲಿಲ್ಲ. “ಹನಿ, ನಿನ್ನ ಸಂಕಟ ನಂಗರ್ಥ ಆಗುತ್ತೆ. ಆದ್ರೆ ಸಾಕ್ಷಿ ಬೇಕಲ್ಲ? ಫೋಟೋ ಇದೆಯಾ?”

ಇರಲಿಲ್ಲ. ಫೋಟೋ ತೆಗೆದಿಡುವುದೆಂದರೆ ಕಳ್ಳರಿಗೆ ದಾರಿ ತೋರಿಸಿದ ಹಾಗೆ ಎನ್ನುತ್ತಿದ್ದ ಮೆರ್ಲ್. ಕಳ್ಳನಿಗೆ ದಾರಿ ಗೊತ್ತೇ ಇತ್ತೆಂಬುದು ಬೇರೆ ಮಾತು.

“ನನ್ನ ಕೈಯೇ ಸಾಕ್ಷಿ,” ಎಂದಳು ಅಲ್ವೀನಾ.

“ದುಃಖದಲ್ಲಿ ಕೈ ಮರಗಟ್ಟಿರುತ್ತೆ ಹನಿ.”

ಗಂಡಸರೆಲ್ಲ ನಕ್ಕರು. ಬರ್ನಿ ಟಟಲ್ ಎಂಬ ಡೊಳ್ಳುಹೊಟ್ಟೆಯ ನಿವೃತ್ತ ಅಂಚೆಯವನೊಬ್ಬ ಮಾತ್ರ ನಗದೆ ತನ್ನ ಬೂಟನ್ನು ನೋಡಿಕೊಂಡ. ಅಲ್ವೀನಾ ನಕ್ಕವರ ಮುಖಗಳನ್ನು ಒಂದೊಂದಾಗಿ ನೋಡಿ, ಕಂಬಳಿ ಮಡಚಿಕೊಂಡು ಹೊರಬಂದಳು.

ಮಾರ್ಚಿನಲ್ಲಿ ನಡೆದ ಕ್ಲಬ್ಬಿನ ವಾರ್ಷಿಕ ಪ್ರದರ್ಶನದಲ್ಲಿ ಹ್ಯಾಡ್ಲಿಯ ಸ್ವಂತ ಗ್ಯಾರಂಡ್ ಹೊಸ ಮರ ತೊಟ್ಟುಕೊಂಡು ಮೇಜಿನ ಮೇಲೆ ಮಲಗಿತ್ತು. ಮುದ್ರೆ ಅಚ್ಚಳಿಯದೆ ಇತ್ತು. ಈ ಜನರಲ್ಲಿ ಒಂದು ಕಟ್ಟುನಿಟ್ಟು: ಇನ್ನೊಬ್ಬರ ಕೋವಿಯನ್ನು ಕೇಳದೆ ಮುಟ್ಟುವಂತಿಲ್ಲ. ಹೆಂಡತಿಯನ್ನು ಕೇಳದೆ ಅಪ್ಪಿಕೊಂಡರೂ ಕ್ಷಮಿಸಿಯಾರು, ಕೋವಿ ಮುಟ್ಟಿದರೆ ಕ್ಷಮಿಸರು. ಅಲ್ವೀನಾ ಮೇಜಿನೆದುರು ನಿಂತು ಕೇಳಿದಳು:

“ಮುಟ್ಲಾ, ಹ್ಯಾಡ್ಲಿ?”

“ಬೇಡ ಹನಿ. ಅಡುಗೆ ಕೈ, ಜಿಡ್ಡಿರುತ್ತೆ.”

ಇಪ್ಪತ್ತೆಂಟು ಚಳಿಗಾಲ ಆ ಮರಕ್ಕೆ ಜಿಡ್ಡು ತಿನ್ನಿಸಿದ ಕೈ ಅದು. ಅವಳು ಕೈಯನ್ನು ಕೋಟಿನ ಜೇಬಿಗೆ ಹಾಕಿಕೊಂಡಳು.

ಆ ವರ್ಷವೂ, ಮುಂದಿನ ವರ್ಷವೂ ಹ್ಯಾಡ್ಲಿಗೆ ಎರಡನೆಯ ಬಹುಮಾನವೇ ಗತಿಯಾಯಿತು. ಕಾರಣವನ್ನು ಬರ್ನಿ ಹೇಳಿದ. ಬೂಟು ನೋಡಿಕೊಂಡ ಪಾಪಪ್ರಜ್ಞೆಗೋ ಏನೋ, ಆಗಾಗ ಅವಳ ಅಡುಗೆಮನೆಗೆ ಕಾಫಿಗೆ ಬರುತ್ತಿದ್ದ.

“ಹೆಗಲಪಟ್ಟಿ ಕಣಮ್ಮ. ಆ ವರ್ಷದ ಕೋವಿಗೆ ಖಾಕಿ ಬಟ್ಟೆ ಪಟ್ಟಿ ಬೇಕು. ಅವನ್ದು ಹಸಿರು, ಆಮೇಲಿನ ಕಾಲದ್ದು. ಜಡ್ಜ್ ಗಸ್ ವೈಡ್‌ಮನ್ ಪ್ರತಿ ಸಲ ಅಲ್ಲೇ ಹಿಡೀತಾನೆ. ಖಾಕಿದು ಅಸಲಿ ಸಿಗಲ್ಲ. ಹ್ಯಾಡ್ಲಿ ಮೂರು ರಾಜ್ಯ ಸುತ್ತಿ ಬಂದಿದ್ದಾನೆ.”

ಅಲ್ವೀನಾ ಕಾಫಿ ಲೋಟ ಕೆಳಗಿಟ್ಟು ಗ್ಯಾರೇಜಿಗೆ ಹೋದಳು. ಅಲ್ಲಿ ಮೆರ್ಲ್ ಕ್ಯಾಂಪಿಂಗಿಗೆ ಒಯ್ಯುತ್ತಿದ್ದ ಹಾಸಿಗೆ ಸುರುಳಿ ಸುತ್ತಿ ನಿಂತಿತ್ತು. ಅದಕ್ಕೆ ಕಟ್ಟಿದ್ದ ಪಟ್ಟಿಯನ್ನು ಬಿಚ್ಚಿ ತಂದು ಬರ್ನಿಯ ಮುಂದೆ ಎಸೆದಳು.

“ಇಂಥದ್ದಾ?”

ಬರ್ನಿಯ ಹೊಟ್ಟೆ ಅಡ್ಡ ಬರದಿದ್ದರೆ ಮಂಡಿಯೂರಿಬಿಡುತ್ತಿದ್ದ. “ಅಯ್ಯೋ ದೇವರೇ! ಹಾಸಿಗೆ ಕಟ್ಟೋಕೆ! ಅಲ್ವೀನಾ, ಇದನ್ನ ಹ್ಯಾಡ್ಲಿ ನೋಡಿದ್ರೆ ನಿದ್ದೆ ಮಾಡಲ್ಲ.”

“ಹಂಗಾದ್ರೆ ನೋಡ್ಲಿ,” ಎಂದಳು ಅಲ್ವೀನಾ. ಎರಡು ವರ್ಷದಲ್ಲಿ ಅವಳು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. ನೋಡಲು ಹಿತವಾದ ನಗುವಾಗಿರಲಿಲ್ಲ.

ಅವಳಿಗೆ ಇನ್ನೊಂದು ಕೆಲಸವಿತ್ತು. ಆಗಸ್ಟಿನಲ್ಲಿ ನಡೆಯುವ ಕೌಂಟಿ ಮೇಳದ ಬಾಗಿಲಲ್ಲಿ ಕೂತು ಟಿಕೆಟ್ ಹರಿಯುವುದು. ಹೊರಹೋಗಿ ಮತ್ತೆ ಬರುವವರ ಕೈಗೆ ಅಲ್ಲಿ ಒಂದು ಮುದ್ರೆ ಒತ್ತುತ್ತಾರೆ. ಬರಿಗಣ್ಣಿಗೆ ಕಾಣುವುದಿಲ್ಲ, ನೇರಳೆ ದೀಪ ಹಿಡಿದರೆ ಮಿಣಮಿಣ ಹೊಳೆಯುತ್ತದೆ. ಕಳ್ಳ ಪ್ರವೇಶ ತಡೆಯಲು ಪ್ರತಿ ವರ್ಷ ಹೊಸ ಚಿತ್ರ. ಹೋದ ವರ್ಷ ಹುಂಜ. ಮುಂದಿನ ಆಗಸ್ಟಿನ ಚಿತ್ರ ಆಗಲೇ ಅಂಚೆಯಲ್ಲಿ ಬಂದು ಅವಳ ಡ್ರಾಯರಿನಲ್ಲಿತ್ತು: ಒಂದು ಹಂದಿಮರಿ.

ಪ್ರದರ್ಶನಕ್ಕೆ ಮೊದಲು ಒಂದು ಮಧ್ಯಾಹ್ನ ನನ್ನನ್ನೂ ಬರ್ನಿಯನ್ನೂ ಕೂರಿಸಿಕೊಂಡು, ಖಾಕಿ ಪಟ್ಟಿಯನ್ನು ಮೇಜಿನ ಮೇಲೆ ಉದ್ದಕ್ಕೆ ಹಾಸಿ, ತುದಿಯಿಂದ ತುದಿಗೆ ಮುದ್ರೆ ಒತ್ತಿದಳು. ಟಪ್, ಟಪ್, ಟಪ್. ಪಟ್ಟಿ ಮೊದಲಿನ ಹಾಗೇ ಇತ್ತು. ಪರದೆ ಎಳೆದು ದೀಪ ಹಿಡಿದಳು. ನೀಲಿ ಬೆಂಕಿಯ ಹಂದಿಮರಿಗಳು ಒಂದರ ಬಾಲ ಒಂದು ಮೂಸುತ್ತ ಸಾಲಾಗಿ ನಡೆಯುತ್ತಿದ್ದವು.

“ಎಷ್ಟು ಮುದ್ದು!” ಎಂದೆ.

“ಮುದ್ದಲ್ಲ, ಮದ್ದು,” ಎಂದಳು.

ಬರ್ನಿ ಗಲ್ಲ ಕೆರೆದುಕೊಂಡ. “ಅವನು ಇದನ್ನ ಮುಟ್ಟದೇ ಹೋದ್ರೆ?”

“ಹೋದ್ರೆ ಅವನು ಯೋಗ್ಯ ಅಂತಾಯ್ತು. ನಾನೇ ಹೋಗಿ ಎಲ್ಲರೆದುರು ಕ್ಷಮೆ ಕೇಳ್ತೀನಿ.”

ಹಾಗೆ ಹೇಳುವಾಗ ಅವಳ ಮುಖದಲ್ಲಿ ಕ್ಷಮೆ ಕೇಳುವವರ ಕಳೆ ಎಳ್ಳಷ್ಟೂ ಇರಲಿಲ್ಲ.

ಪ್ರದರ್ಶನ ನಡೆಯುವುದು ಮೇಳದ ಮೈದಾನದ ದನದ ಹಜಾರದಲ್ಲಿ. ಮೇಳದಲ್ಲಿ ದನ, ಮಾರ್ಚಿನಲ್ಲಿ ನಾವು. ಶುಕ್ರವಾರ ಸಂಜೆ ಎಲ್ಲರೂ ಕೋವಿ ತರುತ್ತಾರೆ. ಅಧ್ಯಕ್ಷನಾದ ಹ್ಯಾಡ್ಲಿ ಬಾಗಿಲಲ್ಲಿ ನಿಂತು ಪ್ರತಿಯೊಂದನ್ನೂ ತೆರೆದು, ಗುಂಡಿಲ್ಲವೆಂದು ನೋಡಿ, ಗುಂಡು ತುಂಬಲಾಗದಂತೆ ಪ್ಲಾಸ್ಟಿಕ್ ದಾರ ಬಿಗಿದು, ಹಿಂದಿನ ಕೋಣೆಯಲ್ಲಿಟ್ಟು ಬೀಗ ಹಾಕುತ್ತಾನೆ. ಬೀಗದ ಕೈ ಅವನ ಸೊಂಟದಲ್ಲಿ. ಕಳ್ಳತನವಾಗದಿರಲೆಂದು ಮಾಡಿದ ಏರ್ಪಾಡು.

ಅಲ್ವೀನಾ ಮೆರ್ಲನ ಗ್ಯಾರಂಡಿಗೆ ಖಾಕಿ ಪಟ್ಟಿ ತೊಡಿಸಿ ತಂದಳು. ಹ್ಯಾಡ್ಲಿಯ ಕಣ್ಣು ಕೋವಿಯ ಮೇಲೆ ಬಿದ್ದು, ಪಟ್ಟಿಯ ಮೇಲೆ ಜಾರಿ, ಅಲ್ಲೇ ಅಂಟಿಕೊಂಡಿತು.

“ಹನಿ! ಬಂದ್ಯಾ, ಸಂತೋಷ. ಹಳೇದೆಲ್ಲ ಮರೆತ್ಬಿಡೋಣ. ಅಂದ್ಹಾಗೆ, ಈ ಪಟ್ಟಿ ಎಲ್ಲಿತ್ತು?”

“ಯಾವ್ದು? ಓ, ಇದಾ! ಗ್ಯಾರೇಜಲ್ಲಿ ಹಾಸಿಗೆಗೆ ಕಟ್ಟಿತ್ತು. ನೋಡು ಎಷ್ಟು ಕೊಳೆ. ಸೋಮವಾರ ವಾಷಿಂಗ್ ಮಷೀನಿಗೆ ಹಾಕ್ಬೇಕು. ಸ್ವಲ್ಪ ಬ್ಲೀಚೂ ಹಾಕ್ತೀನಿ.”

ಹ್ಯಾಡ್ಲಿ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ತನ್ನ ಮಗುವನ್ನು ಯಾರೋ ಬಾವಿಗೆ ಹಾಕುತ್ತೇನೆಂದಂತೆ ನೋಡಿದ. ಕದಿಯುವವನಿಗೆ ಕಾಪಾಡುತ್ತಿದ್ದೇನೆಂಬ ನೆಪವೂ ಸಿಕ್ಕರೆ ಇನ್ನೇನು ಬೇಕು?

ಬೆಳಿಗ್ಗೆ ಕೋಣೆ ತೆರೆದು ಕೋವಿಗಳನ್ನು ಹೊರಗಿಟ್ಟಾಗ ಮೆರ್ಲನ ಗ್ಯಾರಂಡ್ ಹಸಿರು ಪಟ್ಟಿ ತೊಟ್ಟಿತ್ತು. ಅಲ್ವೀನಾ ಅದನ್ನು ನೋಡಿದಳು, ನನ್ನ ಕಡೆ ನೋಡಿದಳು, ಹೋಗಿ ಒಂದು ಡೋನಟ್ ಕೊಂಡಳು. ಡೋನಟ್ ಒಂದನ್ನು ಅಷ್ಟು ನಿಧಾನವಾಗಿ, ಅಷ್ಟು ಸುಖವಾಗಿ ತಿಂದವರನ್ನು ನಾನು ಇದುವರೆಗೆ ಕಂಡಿಲ್ಲ.

ಗಸ್ ವೈಡ್‌ಮನ್ ಪಕ್ಕದ ಇಂಡಿಯಾನಾದಿಂದ ಬರುವ ತೀರ್ಪುಗಾರ. ಕಡ್ಡಿಯಂಥ ಮುದುಕ. ಹಳೆ ಸ್ಟುಡಿಯೋದ ಫೋಟೋಗ್ರಾಫರನ ಹಾಗೆ ಕರಿಬಟ್ಟೆಯನ್ನು ತಲೆಗೂ ಕೋವಿಗೂ ಒಟ್ಟಿಗೆ ಹೊದ್ದುಕೊಂಡು, ಒಳಗೆ ನೇರಳೆ ದೀಪ ಹಿಡಿದು ಮರ ಪರೀಕ್ಷಿಸುವುದು ಅವನ ಪದ್ಧತಿ. ಮರಕ್ಕೆ ಹೊಸ ವಾರ್ನಿಷ್ ಬಿದ್ದಿದ್ದರೆ ಆ ದೀಪಕ್ಕೆ ಹೊಳೆದು ಸಿಕ್ಕಿಬೀಳುತ್ತದೆ. ಹ್ಯಾಡ್ಲಿ ಅದಕ್ಕೆ ಹೆದರಬೇಕಾಗಿರಲಿಲ್ಲ; ಮೆರ್ಲನ ಮರ ಆ ಪರೀಕ್ಷೆಯಲ್ಲಿ ಆಗಲೇ ಎರಡು ಸಲ ಪಾಸಾಗಿತ್ತು. ಖಾಕಿ ಪಟ್ಟಿಯ ತನ್ನ ಗ್ಯಾರಂಡಿನ ಪಕ್ಕದಲ್ಲಿ ಎದೆ ಉಬ್ಬಿಸಿ ನಿಂತಿದ್ದ.

ಗಸ್ ಬಟ್ಟೆಯೊಳಗೆ ನುಸುಳಿದ. ಬಟ್ಟೆ ಕೋವಿಯ ಹಿಂತುದಿಯಿಂದ ಮುಂದಕ್ಕೆ ಸರಿಯಿತು, ನಿಂತಿತು, ಹಿಂದಕ್ಕೆ ಸರಿಯಿತು, ಮತ್ತೆ ನಿಂತಿತು. ಒಳಗಿನಿಂದ ಧ್ವನಿ ಬಂತು:

“ಹ್ಯಾಡ್ಲಿ, ಆ ಯುದ್ಧದಲ್ಲಿ ನಮ್ಮ ಸೈನ್ಯ ಹಂದಿ ಸಾಕ್ತಿತ್ತಾ?”

“ಏನಂದೆ ಗಸ್?”

“ನೀನೇ ಬಂದು ನೋಡು. ಹಿಂಡೇ ಇದೆ.”

ಹ್ಯಾಡ್ಲಿ ಬಟ್ಟೆಯೊಳಗೆ ತಲೆ ತೂರಿಸಿದ. ಎಷ್ಟು ಹೊತ್ತಾದರೂ ಹೊರಗೆ ತೆಗೆಯಲಿಲ್ಲ. ಒಬ್ಬೊಬ್ಬರಾಗಿ ಎಲ್ಲರೂ ಸುತ್ತ ನೆರೆದರು. ಅಲ್ವೀನಾ ಬೆರಳಿನ ಸಕ್ಕರೆ ಝಾಡಿಸಿಕೊಂಡು ಮುಂದೆ ಬಂದಳು.

“ಅದು ನನ್ನ ಪಟ್ಟಿ. ಮುದ್ರೆ ಒತ್ತಿದ್ದು ನಾನು. ಇವರಿಬ್ಬರು ನೋಡಿದ್ದಾರೆ. ನಿನ್ನೆ ಸಂಜೆ ಇವನ ಕೈಗೇ ಕೊಟ್ಟಿದ್ದೆ. ಇವತ್ತು ನೋಡಿ, ನನ್ನ ಕೋವಿ ಮೇಲೆ ಹಸಿರಿದೆ.”

ಹ್ಯಾಡ್ಲಿ ಹೊರಬಂದ. ಮುಖ ಬೆಂದ ಬೀಟ್‌ರೂಟಾಗಿತ್ತು. “ಮೇಳಕ್ಕೆ ಹೋಗಿದ್ದೆ... ನನ್ನ ಕೈ ಮುದ್ರೆ ಪಟ್ಟಿಗೆ ಹತ್ತಿರ್ಬೇಕು.”

“ಮೇಳ ಆಗಿದ್ದು ಆಗಸ್ಟಲ್ಲಿ,” ಎಂದ ಬರ್ನಿ. “ಅಲ್ಲಿಂದ ಕೈ ತೊಳ್ದಿಲ್ವಾ? ಅದೂ ಹೋಗ್ಲಿ, ಆಗ ಇದ್ದಿದ್ದು ಹುಂಜ. ಹಂದಿಮರಿ ಬರೋ ಆಗಸ್ಟಿಂದು. ಇನ್ನೂ ನಡೆ‌ಯದ ಮೇಳಕ್ಕೆ ನೀನು ಹೋಗಿ ಬಂದ್ಯೇನಪ್ಪಾ?”

ದನದ ಹಜಾರ ನಗೆಯಿಂದ ಅದುರಿತು. ಎರಡು ವರ್ಷದ ಹಿಂದೆ ಅಲ್ವೀನಾಳನ್ನು ನೋಡಿ ನಕ್ಕ ಬಾಯಿಗಳೇ. ಅವಳು ಮಾತ್ರ ನಗಲಿಲ್ಲ.

“ಕೋಣೇಲಿ ಅದಲುಬದಲಾಗಿದೆ ಹನಿ, ಕತ್ತಲಲ್ಲಿ...”

“ಮಿಸೆಸ್ ಕೋಲ್ಗ್ರೋವ್,” ಎಂದಳು.

“ಆಂ?”

“ನನ್ನ ಹೆಸರು. ಮರವೂ ಹೀಗೇ ಅದಲುಬದಲಾಯ್ತಾ, ಪ್ರೌಟ್?”

ನಗೆ ನಿಂತಿತು. ಬರ್ನಿ ನಿಧಾನವಾಗಿ ತನ್ನ ಮೇಜಿನ ಕಡೆ ತಿರುಗಿದ. “ನನ್ನ ಆಪರೇಷನ್ ಆದಾಗ ನಂದಕ್ಕೂ ನೀನೇ ಎಣ್ಣೆ ಹಾಕ್ಕೊಟ್ಟೆ, ಅಲ್ವಾ?” ಮತ್ತೊಬ್ಬ, “ನಂದಕ್ಕೂ,” ಎಂದ. ಮೂರನೆಯವನು ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದ. ಕ್ಷಣದಲ್ಲಿ ಹಜಾರದ ತುಂಬ ಕೋವಿಗಳು ಬಿಚ್ಚಿಕೊಳ್ಳತೊಡಗಿದವು. “ಈ ಬೋಲ್ಟ್ ನಂದಲ್ಲ!” “ಲೇ, ಇದು ನಿಂದಿರ್ಬೇಕು ನೋಡೋ!” ಎಂಬ ಕೂಗುಗಳು ಎದ್ದವು. ವರ್ಷಕ್ಕೊಬ್ಬರಂತೆ, ಕಾಯಿಲೆ ಬಿದ್ದವರದೂ ಸತ್ತವರದೂ ಮರೆಗುಳಿಯಾದವರದೂ ಒಂದೊಂದು ಚೂರು ಆರಿಸಿ ಹ್ಯಾಡ್ಲಿ ತನ್ನ ಕೋವಿಗಳನ್ನು ಪರಿಪೂರ್ಣ ಮಾಡಿಕೊಂಡಿದ್ದ.

ಬಾಗಿಲಲ್ಲಿದ್ದ ಪೊಲೀಸಿನವನು ಬಂದು, “ಕಂಪ್ಲೇಂಟ್ ಕೊಡ್ತೀರಾ ಮೇಡಂ?” ಎಂದ.

“ತಡಿಯಪ್ಪ,” ಎಂದು ಅಲ್ವೀನಾ ಹ್ಯಾಡ್ಲಿಯ ಗ್ಯಾರಂಡನ್ನು ಕೇಳದೆಯೇ ಎತ್ತಿಕೊಂಡಳು. ಕುದುರೆಯ ಕೆಳಗಿನ ಬಳೆಯನ್ನು ಎಳೆದರೆ ಆ ಕೋವಿ ಯಾವ ಉಪಕರಣವೂ ಬೇಡದೆ ಬಿಚ್ಚಿಕೊಳ್ಳುತ್ತದೆ. ಮರ ಕೈಗೆ ಬಂತು. ಕಣ್ಣು ಮುಚ್ಚಿ ಮೇಲಿನಿಂದ ಕೆಳಗೆ ಒಮ್ಮೆ ಸವರಿದಳು.

“ಇದೇ.”

ಗಸ್ ಅದರ ಮುದ್ರೆಯನ್ನೂ ಮೆರ್ಲನ ಕಬ್ಬಿಣದ ಸಂಖ್ಯೆಯನ್ನೂ ನೋಡಿ, ಎರಡೂ ಒಂದೇ ಕಾಲದವೆಂದು ತಲೆಯಾಡಿಸಿದ.

ಬೇರೆ ಯಾರಾದರೂ ಆಗಿದ್ದರೆ ಮರ ಕಂಕುಳಲ್ಲಿ ಇರುಕಿಕೊಂಡು ಮನೆಗೆ ಹೋಗುತ್ತಿದ್ದರು. ಅಲ್ವೀನಾ ಪೊಲೀಸಿನವನಿಗೆ ಹೇಳಿದಳು: “ಜೈಲು ಬೇಡ. ಅಲ್ಲಿ ಗೋಡೆ ನೋಡ್ಕೊಂಡು ಕೂರ್ತಾನೆ. ಇವನು ಬೇರೇನೋ ನೋಡ್ಬೇಕು.” ಆಮೇಲೆ ಹ್ಯಾಡ್ಲಿಗೆ: “ಬರೋ ಶನಿವಾರ, ನನ್ನ ಮನೆ ಅಂಗಳ. ನಿನ್ನ ಹತ್ರ ಇರೋ ಕೋವಿ ಒಂದೂ ಬಿಡದೆ ತರ್ಬೇಕು. ಒಂದು ಕಡಿಮೆಯಾದ್ರೂ ಇವರ ಹತ್ರ ಕಂಪ್ಲೇಂಟು.”

ಶನಿವಾರ ಬಿಸಿಲು ಚೆನ್ನಾಗಿತ್ತು. ಚರ್ಚಿನಿಂದ ತಂದ ಉದ್ದ ಮೇಜುಗಳು, ಹ್ಯಾಮ್ ಸ್ಯಾಂಡ್‌ವಿಚ್ಚು, ಆಲೂಗಡ್ಡೆ ಸಾಲಡ್ಡು, ನಿಂಬೆ ಪಾನಕ. ದೂರದಿಂದ ನೋಡಿದವರು ಯಾರದೋ ಹುಟ್ಟುಹಬ್ಬ ಎಂದುಕೊಳ್ಳಬೇಕು. ಹ್ಯಾಡ್ಲಿ ಕಾರ್ಪೆಟ್ ಅಂಗಡಿಯ ವ್ಯಾನಿನಲ್ಲಿ ಕೋವಿಗಳನ್ನು ತಂದ. ಅಲ್ವೀನಾ ಅವುಗಳನ್ನು ಸಾಲಾಗಿ ಮಲಗಿಸಿ, ನಡುವೆ ಒಂದು ಕುರ್ಚಿ ಹಾಕಿ ಅವನನ್ನು ಕೂರಿಸಿದಳು. ನಿಯಮ ಹೇಳಿದಳು: ಕಳೆದುಕೊಂಡವನು ಬಂದು ಅವನ ಅಪ್ಪಣೆ ಕೇಳಬೇಕು, ಅವನು ಎಲ್ಲರಿಗೂ ಕೇಳುವಂತೆ ಉತ್ತರಿಸಬೇಕು.

ಬರ್ನಿ ಮೊದಲು ಹೋದ. “ಮುಟ್ಲಾ, ಹ್ಯಾಡ್ಲಿ?”

ಹ್ಯಾಡ್ಲಿ ಏನೋ ಗೊಣಗಿದ.

“ಕೇಳಿಸ್ಲಿಲ್ಲ,” ಎಂದಳು ಅಲ್ವೀನಾ, ಸಾಲಡ್ ಬಡಿಸುತ್ತ.

“ಮುಟ್ಟು.”

“ಇದು ಯಾರ್ದು?”

“...ನಿಂದು.”

ಬರ್ನಿ ತನ್ನ ಬೋಲ್ಟ್ ಕಳಚಿಕೊಂಡು, ಹ್ಯಾಡ್ಲಿ ತನಗೆ ಅಂಟಿಸಿದ್ದ ಬೋಲ್ಟನ್ನು ಅವನ ಮುಂದಿಟ್ಟ. ಹೋಗುವಾಗ ಪಕ್ಕದ ಕೋವಿಯ ಒಂದು ಚೆಂದದ ಗುರಿಕಣ್ಣಿನ ಮೇಲೆ ಕೈಯಿಟ್ಟ. ಅಲ್ವೀನಾ ಸಾಲಡ್ಡಿನ ಚಮಚದಲ್ಲಿ ಆ ಕೈ ಮೇಲೆ ಬಾರಿಸಿದಳು.

“ಅದು ನಿಂದಲ್ಲ. ನಿಂದು ಈಗ ತಗೊಂಡ್ಯಲ್ಲ, ನಡಿ.”

ಹೀಗೇ ಒಬ್ಬರ ಹಿಂದೆ ಒಬ್ಬರು. “ಮುಟ್ಲಾ?” “ಮುಟ್ಟು.” “ಯಾರ್ದು?” “ನಿಂದು.” ಸತ್ತವರ ಪರವಾಗಿ ಹೆಂಡತಿಯರು ಬಂದರು, ಮರೆಗುಳಿಯಾದವನ ಪರವಾಗಿ ಮಗಳು ಬಂದಳು. ನಲವತ್ತು ವರ್ಷದಲ್ಲಿ ಕೂಡಿದ್ದು ಕಣ್ಣೆದುರೇ ಕಳಚಿ ಹೋಗುತ್ತಿತ್ತು. ಊಟದ ಹೊತ್ತು ಕಳೆಯುವಷ್ಟರಲ್ಲಿ ಊರಿಗೇ ಹೆಸರಾದ ಕೋವಿಗಳು ಮೀನು ತಿಂದು ಬಿಟ್ಟ ಮುಳ್ಳಿನ ಹಾಗೆ ಮಲಗಿದ್ದವು. ಪಕ್ಕದಲ್ಲಿ ಯಾವುದಕ್ಕೂ ಯಾವುದೂ ಹೊಂದದ ಚೂರುಗಳ ರಾಶಿ.

“ಒಂದಾದ್ರೂ ಪೂರ್ತಿ ಬಿಡಿ, ಮಿಸೆಸ್ ಕೋಲ್ಗ್ರೋವ್,” ಎಂದ ಹ್ಯಾಡ್ಲಿ. ಕಣ್ಣಲ್ಲಿ ನೀರಿತ್ತು.

“ಎಲ್ಲಾ ಪೂರ್ತಿಯಾಗಿಯೇ ಇದೆ. ಅವರದು ಅವರ ಹತ್ರ, ನಿಂದು ನಿನ್ನ ಹತ್ರ.”

ನನಗೆ ನೋಡಲಾಗಲಿಲ್ಲ. ಹತ್ತಿರ ಹೋಗಿ, “ಸಾಕಲ್ವಾ ಅಲ್ವೀನಾ?” ಎಂದೆ.

“ನಿಂಗೆ ಸಾಕಾಯ್ತಾ? ಹಾಗಾದ್ರೆ ಪಾನಕದ ಜಗ್ ಒಳಗಿಡು, ನೊಣ ಕೂರ್ತಿದೆ.”

ಎಲ್ಲರೂ ಹೋದ ಮೇಲೆ ಮೇಜುಗಳನ್ನು ಮಡಚಿ ಚರ್ಚಿಗೆ ಹೊರುವ ಕೆಲಸವನ್ನೂ ಹ್ಯಾಡ್ಲಿಯಿಂದಲೇ ಮಾಡಿಸಿದಳು. ಆಮೇಲೆ ಜಗಲಿಯಲ್ಲಿ ಮೆರ್ಲನ ಮರವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ನಾನು ಪಕ್ಕದಲ್ಲಿ ಕೂತೆ.

“ಈಗ ಸಮಾಧಾನ ಆಯ್ತಾ?”

“ಮೆರ್ಲ್ ಇದ್ದಿದ್ರೆ ಬೆಳಿಗ್ಗೆನೇ ‘ಹೋಗ್ಲಿ ಬಿಡು’ ಅಂತ ಬೆನ್ನು ತಟ್ಟಿ ಕಳಿಸಿರೋನು. ಸ್ಯಾಂಡ್‌ವಿಚ್ ಬೇರೆ ಕಟ್ಟಿಕೊಡೋನು.” ಮರದ ಮೇಲೆ ಕೈ ಆಡಿಸಿದಳು. “ಅದಕ್ಕೇ ಕಣೇ, ಎಲ್ಲರೂ ಅವನ ಸಾಮಾನಿಗೇ ಕೈ ಹಾಕ್ತಿದ್ದಿದ್ದು.”

ಆಮೇಲೆ ಏಪ್ರನ್ನಿನ ಜೇಬಿನಿಂದ ಒಂದು ಚೀಟಿ ತೆಗೆದಳು.

“ಹ್ಯಾಡ್ಲಿ ಹೀಗೆ ಕೂಡಿಸಿದ ಕೋವಿಗಳನ್ನ ಇಂಡಿಯಾನಾದಲ್ಲೂ ಮಾರಿದ್ದಾನಂತೆ. ಕೊಂಡವರ ಹೆಸರೆಲ್ಲ ಕಕ್ಕಿಸಿದೀನಿ.”

“ಅವರಿಗೆಲ್ಲ ಫೋನ್ ಮಾಡ್ತೀಯಾ?”

“ಫೋನಲ್ಲಿ ಮುಖ ಕಾಣುತ್ತಾ? ಮನೆಮನೆಗೂ ಹೋಗ್ತೀವಿ. ಬಾಗಿಲು ತಟ್ಟೋದು ಅವನು. ಏನು ಮಾಡಿದೆ ಅಂತ ಹೇಳೋದೂ ಅವನೇ. ನಾನು ಪಕ್ಕದಲ್ಲಿ ನಿಂತಿರ್ತೀನಿ.”

ಮುಂದಿನ ಶನಿವಾರ ಬೆಳಿಗ್ಗೆ ನಾನು ಹಾಲು ಒಳಗೆ ತೆಗೆದುಕೊಳ್ಳುವ ಹೊತ್ತಿಗೆ ಕಾರ್ಪೆಟ್ ವ್ಯಾನು ಅವಳ ಮನೆಯ ಮುಂದೆ ಬಂದು ನಿಂತಿತು. ಹ್ಯಾಡ್ಲಿ ಇಳಿದು, ಸುತ್ತಿಬಂದು, ಟೋಪಿ ತೆಗೆದು ಬಾಗಿಲು ಹಿಡಿದ. ಅಲ್ವೀನಾ ಭಾನುವಾರದ ಕೋಟು ತೊಟ್ಟು, ತುಟಿಗೆ ಬಣ್ಣ ಹಚ್ಚಿ, ಮದುವೆಗೆ ಹೊರಟವಳಂತೆ ಮೆಟ್ಟಿಲಿಳಿದಳು. ಕೈಯಲ್ಲಿ ಬುತ್ತಿಯ ಪೊಟ್ಟಣವಿತ್ತು. ಹ್ಯಾಡ್ಲಿ ಆಸೆಯಿಂದ ಅದನ್ನೇ ನೋಡಿದ.

“ದೂರದ ದಾರಿ, ಮಿಸೆಸ್ ಕೋಲ್ಗ್ರೋವ್.”

“ಹೌದು,” ಎಂದಳು, ಸೀಟಿನಲ್ಲಿ ಆರಾಮಾಗಿ ಕೂರುತ್ತ. “ಒಬ್ಬಳಿಗೆ ಸಾಕಾಗೋಷ್ಟು ಕಟ್ಟಿಕೊಂಡಿದೀನಿ.”